ಬೆಂಗಳೂರಿಗೆ ಇಪ್ಪತ್ತೆಂಟು, ಹೊಸನಗರಕ್ಕೆ ಸೊನ್ನೆ

2008ರ ಮೇ ತಿಂಗಳಲ್ಲಿ ಕರ್ನಾಟಕ ವಿಧಾನಸಭೆಗೆ ನಡೆದ ಚುನಾವಣೆಯನ್ನು ದಕ್ಷಿಣ ಭಾರತದಲ್ಲಿ ಭಾರತೀಯ ಜನತಾ ಪಕ್ಷದ ನೇತೃತ್ವದ ಮೊದಲ ಸರ್ಕಾರ ತಂದ ಚುನಾವಣೆಯೆಂದು ಎಲ್ಲರೂ ನೆನೆಯುತ್ತಾರೆ. ಆ ಸಂಭ್ರಮ ಮತ್ತು ಆತಂಕಗಳ ಗದ್ದಲದಲ್ಲಿ ಇನ್ನೊಂದು ಸಂಗತಿ ಮರೆಗೆ ಸರಿಯಿತು. ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಕ್ಷೇತ್ರ ಪುನರ್ವಿಂಗಡಣಾ ಆಯೋಗ ಎಳೆದ ಹೊಸ ಗಡಿಗಳ ಮೇಲೆ ವಿಧಾನಸಭಾ ಚುನಾವಣೆ ನಡೆಸಿದ ಮೊದಲ ರಾಜ್ಯ ಕರ್ನಾಟಕ. ಆ ಗಡಿಗಳೊಳಗೆ ಬೆಂಗಳೂರು ನಗರ ಜಿಲ್ಲೆಗೆ 28 ಸ್ಥಾನಗಳು ದೊರೆತವು. ಕೊಡಗು ಮೂರರಿಂದ ಎರಡಕ್ಕೆ ಇಳಿಯಿತು, ಸೋಮವಾರಪೇಟೆ ಕ್ಷೇತ್ರ ಇಲ್ಲವಾಯಿತು. ಚಿಕ್ಕಮಗಳೂರು ಆರರಿಂದ ಐದಕ್ಕೆ ಇಳಿದು ಬೀರೂರನ್ನು ಕಳೆದುಕೊಂಡಿತು. ಶಿವಮೊಗ್ಗ ಜಿಲ್ಲೆಯಲ್ಲಿ ಅಳಿಸಿಹೋದ ಹೆಸರು ಹೊಸನಗರ.

ಹೊಸನಗರದ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಶರಾವತಿಯ ಹಿನ್ನೀರು ಸಾಗರ ತಾಲ್ಲೂಕಿನ ಜೊತೆಗೆ ಈ ತಾಲ್ಲೂಕನ್ನೂ ನುಂಗಿತು. ಅಡಿಕೆ ತೋಟ, ಗದ್ದೆ, ಕಾನು, ದೇವಸ್ಥಾನಗಳು ನೀರಿನಡಿ ಸೇರಿದವು. ಬಳಿಕ ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳು ಬಂದವು. ರಾಜ್ಯಕ್ಕೆ ಇಷ್ಟು ಬೆಳಕು ಕೊಟ್ಟ ತಾಲ್ಲೂಕುಗಳು ಹೆಚ್ಚಿಲ್ಲ. ಮುಳುಗಡೆಯಿಂದ ಎದ್ದುಹೋದವರ ಭೂಮಿಯ ಹಕ್ಕಿನ ಪ್ರಶ್ನೆ ಅರವತ್ತು ವರ್ಷ ಕಳೆದರೂ ಕಡತದಿಂದ ಕಡತಕ್ಕೆ ಅಲೆಯುತ್ತಲೇ ಇದೆ. ಇಂಥ ಪ್ರಶ್ನೆಯನ್ನು ಸದನದಲ್ಲಿ ಹಿಡಿದು ಕೂರಲು ಬೇಕಾದ ಒಂದು ಕುರ್ಚಿಯೂ 2008ರಲ್ಲಿ ಹೋಯಿತು. ತಾಲ್ಲೂಕನ್ನು ಎರಡಾಗಿ ಸೀಳಿ ಒಂದು ಪಾಲನ್ನು ಸಾಗರಕ್ಕೆ, ಇನ್ನೊಂದನ್ನು ತೀರ್ಥಹಳ್ಳಿಗೆ ಹಂಚಲಾಯಿತು. ಈಗ ಹೊಸನಗರಕ್ಕೆ ಇಬ್ಬರು ಶಾಸಕರಿದ್ದಾರೆ ಎಂದು ಸಮಾಧಾನ ಹೇಳುವವರೂ ಇದ್ದಾರೆ. ಇಬ್ಬರ ಹಸು ಹಟ್ಟಿಯಲ್ಲಿ ಹಸಿದಿರುತ್ತದೆ ಎಂಬುದು ಕೊಟ್ಟಿಗೆ ಕಂಡವರಿಗೆ ಗೊತ್ತು.

ಲೋಕಸಭೆಯ ಮಟ್ಟದಲ್ಲಿಯೂ ಇದೇ ನಡೆಯಿತು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಗೆಲ್ಲಿಸಿ ದೇಶಕ್ಕೆಲ್ಲ ಹೆಸರಾಗಿದ್ದ ಚಿಕ್ಕಮಗಳೂರು ಕ್ಷೇತ್ರ ಕರಾವಳಿಯೊಂದಿಗೆ ಬೆಸೆದು ಉಡುಪಿ-ಚಿಕ್ಕಮಗಳೂರು ಆಯಿತು. ಕೊಡಗನ್ನು ಮಂಗಳೂರಿನಿಂದ ಬಿಡಿಸಿ ಮೈಸೂರಿಗೆ ಅಂಟಿಸಲಾಯಿತು. ಬೆಂಗಳೂರಿಗೆ ಮಾತ್ರ ಕೇಂದ್ರ ಎಂಬ ಹೊಸ ಕ್ಷೇತ್ರವೊಂದು ಸೇರಿತು.

ಇದರಲ್ಲಿ ಪಿತೂರಿ ಹುಡುಕುವುದು ತಪ್ಪು. ಲೆಕ್ಕ ಸರಳ. 2001ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 5.28 ಕೋಟಿ, ಬೆಂಗಳೂರು ನಗರ ಜಿಲ್ಲೆಯದು 65 ಲಕ್ಷ. ರಾಜ್ಯದ ಒಟ್ಟು 224 ಸ್ಥಾನಗಳನ್ನು ತಲೆಯೆಣಿಕೆಯಿಂದ ಹಂಚಿದರೆ ಬೆಂಗಳೂರಿಗೆ ಇಪ್ಪತ್ತೆಂಟೇ ಬರುತ್ತದೆ. ಅದಕ್ಕೆ ಮೊದಲಿನ ಸ್ಥಿತಿಯೂ ನ್ಯಾಯವಾದದ್ದಾಗಿರಲಿಲ್ಲ. ಹಳೆಯ ಉತ್ತರಹಳ್ಳಿ ಕ್ಷೇತ್ರ ಬೆಂಗಳೂರಿನ ಸುತ್ತ ಬಡಾವಣೆಗಳೊಂದಿಗೆ ಉಬ್ಬಿ ದೇಶದ ಅತಿ ದೊಡ್ಡ ವಿಧಾನಸಭಾ ಕ್ಷೇತ್ರಗಳಲ್ಲೊಂದಾಗಿತ್ತು. ಅಲ್ಲಿನ ಮತದಾರನ ಒಂದು ಮತದ ತೂಕ ಮಲೆನಾಡಿನವನ ಮತದ ಒಂದು ಸಣ್ಣ ಪಾಲಷ್ಟೇ. ಅದನ್ನು ಸರಿಪಡಿಸಬೇಕಿತ್ತು, ಸರಿಪಡಿಸಿದರು. ಮಲೆನಾಡಿನ ಸಂಘಟನೆಗಳು ಈ ಸತ್ಯವನ್ನು ಒಪ್ಪಿಕೊಂಡೇ ಮುಂದೆ ಮಾತನಾಡಬೇಕು.

ಹೊಸ ಸ್ಥಾನಗಳು ಹುಟ್ಟಿದ್ದು ಹಳೆಯ ಪೇಟೆಯಲ್ಲಲ್ಲ, ನಗರದ ಹೊರಅಂಚಿನಲ್ಲಿ. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ ಹಾಗೂ 110 ಹಳ್ಳಿಗಳನ್ನು ಕೂಡಿಸಿಕೊಂಡು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಮಹದೇವಪುರ, ಬೊಮ್ಮನಹಳ್ಳಿ, ಬ್ಯಾಟರಾಯನಪುರ, ದಾಸರಹಳ್ಳಿ, ಯಶವಂತಪುರ ಮೊದಲಾದ ಕ್ಷೇತ್ರಗಳ ಹೆಸರು ಚುನಾವಣಾ ಪಟ್ಟಿಯಲ್ಲಿ ಮೂಡಿದ್ದು ಅದರ ಮರುವರ್ಷ. ಕೆರೆಯಂಗಳ, ರಾಗಿ ಹೊಲ, ಗೋಮಾಳಗಳು ನಿವೇಶನಗಳಾದ ನೆಲವಿದು. ಒಂದೆಡೆ ಕಾವಲುಗಾರರಿರುವ ಬಹುಮಹಡಿ ವಸತಿ ಸಮುಚ್ಚಯ, ಪಕ್ಕದಲ್ಲೇ ರೆವಿನ್ಯೂ ನಿವೇಶನಗಳ ಇಕ್ಕಟ್ಟಾದ ಬೀದಿ. ಇಬ್ಬರೂ ಜನಪ್ರತಿನಿಧಿಯ ಮುಂದಿಡುವ ಬೇಡಿಕೆ ಮಾತ್ರ ಒಂದೇ: ನೀರು, ರಸ್ತೆ, ಖಾತಾ. ಮೊದಲನೆಯದರಲ್ಲಿ ಮಲೆನಾಡಿನ ಹಣೆಬರಹವೂ ಬರೆದಿದೆ.

ಈ ಹೊರವಲಯದ ಮತಕ್ಕೆ ಎಷ್ಟು ಬಲವಿದೆಯೆಂಬುದನ್ನು 2024ರ ಲೋಕಸಭಾ ಚುನಾವಣೆ ತೋರಿಸಿಕೊಟ್ಟಿತು. ಬೆಂಗಳೂರು ಕೇಂದ್ರದಲ್ಲಿ ಪಿ. ಸಿ. ಮೋಹನ್ ಅವರ ಗೆಲುವಿನ ಅಂತರ 32,707. ಮಹದೇವಪುರವೊಂದರಲ್ಲಿಯೇ ಅವರಿಗೆ ದೊರೆತ ಮುನ್ನಡೆ ಒಂದು ಲಕ್ಷವನ್ನು ಮೀರಿತ್ತು. ಅಲ್ಲಿನ ಮತದಾರರ ಪಟ್ಟಿಯ ಬಗ್ಗೆ 2025ರ ಆಗಸ್ಟ್‌ನಲ್ಲಿ ಕಾಂಗ್ರೆಸ್ಸಿನ ರಾಹುಲ್ ಗಾಂಧಿ ಮಾಡಿದ ಆರೋಪ ಮತ್ತು ಚುನಾವಣಾ ಆಯೋಗದ ನಿರಾಕರಣೆ ಬೇರೆಯೇ ಚರ್ಚೆ. ಆದರೆ ಆರು ಲಕ್ಷಕ್ಕೂ ಮಿಕ್ಕ ಮತದಾರರಿರುವ ಕ್ಷೇತ್ರವದು. ಕೊಡಗಿನ ಎರಡೂ ಕ್ಷೇತ್ರಗಳನ್ನು ಕೂಡಿಸಿದರೂ ಅಷ್ಟಾಗುವುದಿಲ್ಲ. ಬೆಂಗಳೂರು ಗ್ರಾಮಾಂತರದಲ್ಲಿ ಡಾ. ಸಿ. ಎನ್. ಮಂಜುನಾಥ್ ಅವರ 2.69 ಲಕ್ಷ ಮತಗಳ ಅಂತರದ ದೊಡ್ಡ ಪಾಲು ಬಂದದ್ದು ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳಿಂದ. ಹೆಸರಿಗೆ ಗ್ರಾಮಾಂತರ, ತೀರ್ಪು ಕೊಟ್ಟದ್ದು ಬಡಾವಣೆ.

ನಗರ ಒಂದು ಪಕ್ಷದ ಸೊತ್ತು ಎಂಬ ಮಾತಿಗೆ ಮಾತ್ರ ಆಧಾರ ಸಾಲದು. 28ರಲ್ಲಿ ಬಿಜೆಪಿಗೆ 2008ರಲ್ಲಿ 17, 2013ರಲ್ಲಿ 12 ಸ್ಥಾನಗಳು ಸಿಕ್ಕವು. 2023ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ 135 ಸ್ಥಾನಗಳನ್ನು ಕೊಟ್ಟಾಗ ಬೆಂಗಳೂರು ನಗರ ಗಾಳಿಗೆ ಎದುರಾಗಿ ನಿಂತು 16ನ್ನು ಬಿಜೆಪಿಗೆ ಕೊಟ್ಟಿತು. ಅದೇ ಚುನಾವಣೆಯಲ್ಲಿ ಚಿಕ್ಕಮಗಳೂರಿನ ಐದೂ, ಕೊಡಗಿನ ಎರಡೂ ಸ್ಥಾನಗಳು ಕಾಂಗ್ರೆಸ್ಸಿನ ಪಾಲಾದವು. ಗುಡ್ಡದ ಜನ ಮತ ಬದಲಾಯಿಸಿದರು. ಅದರಿಂದ ಗುಡ್ಡಕ್ಕಾದ ಬದಲಾವಣೆ ಏನು?

ಎತ್ತಿನಹೊಳೆ ಯೋಜನೆಯ ಕತೆ ಇದಕ್ಕೆ ಉತ್ತರ ಹೇಳುತ್ತದೆ. 2012ರಲ್ಲಿ ಬಿಜೆಪಿ ಸರ್ಕಾರ 8,323 ಕೋಟಿ ರೂಪಾಯಿಗೆ ಮಂಜೂರಾತಿ ನೀಡಿತು. 2014ರಲ್ಲಿ ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಕಾಂಗ್ರೆಸ್ ಸರ್ಕಾರ ಶಂಕುಸ್ಥಾಪನೆ ಮಾಡಿತು. ಹಳ್ಳಗಳಿರುವುದು ಸಕಲೇಶಪುರದ ಕಾಡಿನಲ್ಲಿ, ಶಂಕುಸ್ಥಾಪನೆಯ ಕಲ್ಲು ಬಿದ್ದದ್ದು ಚಿಕ್ಕಬಳ್ಳಾಪುರದಲ್ಲಿ. ಆ ಲೋಕಸಭಾ ಕ್ಷೇತ್ರದೊಳಗೆ ಯಲಹಂಕ, ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರ, ನೆಲಮಂಗಲಗಳೆಲ್ಲ ಇವೆ ಎಂಬುದನ್ನು ನೆನಪಿಟ್ಟರೆ ಕಲ್ಲಿನ ಜಾಗ ಅರ್ಥವಾಗುತ್ತದೆ. ಅಂದಾಜು ವೆಚ್ಚ 23 ಸಾವಿರ ಕೋಟಿ ದಾಟಿದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಮೊದಲ ಹಂತಕ್ಕೆ ಚಾಲನೆ ದೊರೆಯಿತು. 24 ಟಿಎಂಸಿ ನೀರು ಅಲ್ಲಿದೆಯೇ ಎಂದು ತಜ್ಞರು ಎತ್ತಿದ ಪ್ರಶ್ನೆ ಯಾವ ಪಕ್ಷದ ಕಿವಿಗೂ ಬೀಳಲಿಲ್ಲ. ಕೋಲಾರದ ರೈತನ ಬಾಯಾರಿಕೆ ನಿಜವಾದದ್ದೇ, ಅವನನ್ನು ಎದುರಾಳಿಯೆಂದು ಕಾಣುವುದು ಅವಿವೇಕ. ಅವನ ಹೆಸರಿನಲ್ಲಿ ಕೊಳವೆ ಹೊರಟಿತು. ಅದು ಎಲ್ಲಿ ತಲುಪುತ್ತದೆಂಬುದನ್ನು ಮುಂದಿನ ಬಡಾವಣೆಗಳು ನಿರ್ಧರಿಸುತ್ತವೆ.

2019ರಲ್ಲಿ ಸಮ್ಮಿಶ್ರ ಸರ್ಕಾರವಿದ್ದಾಗ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ಒಯ್ಯುವ ಮಾತು ಎದ್ದಿತು. ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು, ಮಾತು ಹಿಂದೆ ಸರಿಯಿತು. ಗಮನಿಸಬೇಕಾದ್ದೆಂದರೆ, ಅದನ್ನು ನಿಲ್ಲಿಸಿದ್ದು ಬೀದಿ. ಸದನದಲ್ಲಿ ಅದನ್ನು ತಡೆಯುವಷ್ಟು ತಲೆಗಳು ಮಲೆನಾಡಿಗಿಲ್ಲ. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ ಈ ನಾಲ್ಕು ಜಿಲ್ಲೆಗಳ ಒಟ್ಟು ಸ್ಥಾನ ಇಪ್ಪತ್ತು. ಶರಾವತಿ, ತುಂಗಾ, ಭದ್ರಾ, ಕಾವೇರಿ, ಹೇಮಾವತಿಗಳು ಹುಟ್ಟುವುದು ಈ ನಾಡಿನಲ್ಲಿ. ಒಂದು ನಗರದ 28ಕ್ಕೆ ಇದು ಸಾಟಿಯಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. 2023ರಲ್ಲಿ ರಾಜ್ಯದ ಮತದಾನ ಶೇ. 73ರಷ್ಟಿದ್ದರೆ ಬೆಂಗಳೂರು ನಗರದಲ್ಲಿ ಅದು ಶೇ. 54ರ ಆಸುಪಾಸು. ನಗರದವರು ಸೋಮಾರಿಗಳೆಂದು ಮೂದಲಿಸುವುದು ವಾಡಿಕೆಯಾಗಿದೆ. ಆದರೆ ಮತದಾನದ ಹಿಂದಿನ ರಾತ್ರಿ ಮೆಜೆಸ್ಟಿಕ್ ನಿಲ್ದಾಣದಿಂದ ಶಿವಮೊಗ್ಗ, ಶಿರಸಿ, ಶೃಂಗೇರಿಗಳತ್ತ ತುಂಬಿ ಹೊರಡುವ ಬಸ್ಸುಗಳನ್ನು ನೋಡಿದರೆ ಬೇರೊಂದು ಕಾರಣವೂ ಕಾಣುತ್ತದೆ. ತೋಟಕ್ಕೆ ಹಳದಿ ಎಲೆ ರೋಗ ಬಂದು, ಊರಿನ ಶಾಲೆ ಮುಚ್ಚಿ, ಪೀಣ್ಯಕ್ಕೋ ವೈಟ್‌ಫೀಲ್ಡಿಗೋ ಹೋದ ಮಕ್ಕಳವರು. ಅವರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿದೆ, ತಲೆ ಮಾತ್ರ ಬೆಂಗಳೂರಿನ ಜನಗಣತಿಯಲ್ಲಿದೆ. ಸ್ಥಾನ ಹಂಚುವುದು ತಲೆಯ ಲೆಕ್ಕದಲ್ಲಿ. ತೀರ್ಥಹಳ್ಳಿಗೆ ಬಂದು ಮತ ಹಾಕುವ ಹುಡುಗ ಬೆಂಗಳೂರಿನ ಸ್ಥಾನಬಲಕ್ಕೆ ತನ್ನ ಪಾಲು ಸೇರಿಸಿ ಬಂದಿರುತ್ತಾನೆ.

ಲೋಕಸಭಾ ಸ್ಥಾನಗಳ ಮುಂದಿನ ಹಂಚಿಕೆಯ ಕುರಿತು ದಕ್ಷಿಣದ ರಾಜ್ಯಗಳು ಎತ್ತಿರುವ ಆಕ್ಷೇಪ ಎಲ್ಲರಿಗೂ ತಿಳಿದದ್ದೇ. ಜನಸಂಖ್ಯೆಯನ್ನು ಹತೋಟಿಯಲ್ಲಿಟ್ಟ ರಾಜ್ಯಗಳಿಗೆ ಶಿಕ್ಷೆ, ಬೆಳೆಯಲು ಬಿಟ್ಟವರಿಗೆ ಬಹುಮಾನ ಎಂಬುದು ವಾದದ ತಿರುಳು. ಬೆಂಗಳೂರಿನಲ್ಲಿ ಕುಳಿತು ಈ ವಾದ ಹೂಡುವ ನಾಯಕರು ಅದನ್ನು ರಾಜ್ಯದೊಳಕ್ಕೂ ತಿರುಗಿಸಿ ನೋಡಬೇಕು. 2001ರಿಂದ 2011ರ ನಡುವೆ ಬೆಂಗಳೂರು ನಗರ ಜಿಲ್ಲೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಕೊಡಗು ಐದೂವರೆ ಲಕ್ಷದಲ್ಲಿಯೇ ನಿಂತಿತು. ಚಿಕ್ಕಮಗಳೂರಿನ ಜನಸಂಖ್ಯೆ 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. ಆ ಅಂಕಿಗಳಿಂದಲೇ 224 ಸ್ಥಾನಗಳನ್ನು ಹಂಚಿದರೂ ಬೆಂಗಳೂರಿಗೆ ಮೂವತ್ತೈದು, ಚಿಕ್ಕಮಗಳೂರಿಗೆ ನಾಲ್ಕು. ಆಮೇಲಿನ ವರ್ಷಗಳ ಬೆಳವಣಿಗೆ ಇದರಲ್ಲಿ ಸೇರಿಲ್ಲ.

ಉತ್ತರಾಖಂಡ ಈ ದಾರಿಯಲ್ಲಿ ಮುಂದೆ ಹೋಗಿದೆ. ಗುಡ್ಡಗಾಡಿನ ಜನರ ಹೋರಾಟದಿಂದ 2000ದಲ್ಲಿ ಹುಟ್ಟಿದ ಆ ರಾಜ್ಯದ 70 ಸ್ಥಾನಗಳಲ್ಲಿ ಗುಡ್ಡಗಳಿಗೆ 40, ಬಯಲಿಗೆ 30 ಇದ್ದವು. ಪುನರ್ವಿಂಗಡಣೆಯ ನಂತರ ಗುಡ್ಡಗಳಿಗೆ 34, ಬಯಲಿಗೆ 36 ಆದವು. ಡೆಹ್ರಾಡೂನ್, ಹರಿದ್ವಾರಗಳ ಬಡಾವಣೆಗಳು ಗುಡ್ಡದ ರಾಜ್ಯವನ್ನು ಸದ್ದಿಲ್ಲದೆ ಬಯಲಿನ ರಾಜ್ಯ ಮಾಡಿದವು.

ಒಂದು ಮತಕ್ಕೆ ಒಂದೇ ಬೆಲೆ ಎಂಬ ತತ್ವವನ್ನು ಬಿಟ್ಟುಕೊಡದೆ ಮಾಡಬಹುದಾದ ಕೆಲಸಗಳಿವೆ. ಸಂವಿಧಾನದ 170ನೆಯ ವಿಧಿ ಜನಸಂಖ್ಯೆಯ ಅನುಪಾತ ‘ಕಾರ್ಯಸಾಧ್ಯವಾಗುವಷ್ಟು’ ಸಮವಿರಬೇಕೆನ್ನುತ್ತದೆ. 2002ರ ಪುನರ್ವಿಂಗಡಣಾ ಕಾಯಿದೆ ಭೌತಿಕ ಲಕ್ಷಣ, ಆಡಳಿತ ಘಟಕಗಳ ಗಡಿ, ಸಂಪರ್ಕ ಸೌಲಭ್ಯಗಳನ್ನು ಪರಿಗಣಿಸಬೇಕೆಂದಿತ್ತು. ಹಿನ್ನೀರು ಕಡಿದುಹಾಕಿದ ಹಳ್ಳಿಗಳ ನಕ್ಷೆ, ಮೂರು ತಾಲ್ಲೂಕುಗಳನ್ನು ಹೊತ್ತ ಶೃಂಗೇರಿ ಕ್ಷೇತ್ರದ ದೂರಗಳ ಪಟ್ಟಿ, ಮಳೆಗಾಲದಲ್ಲಿ ಮುಚ್ಚುವ ದಾರಿಗಳ ವಿವರ ಇವೆಲ್ಲ ಆಯೋಗದ ಮುಂದಿಡಲು ಸಿದ್ಧವಿರಬೇಕು. ಸ್ಥಾನ ಹೋಗುವುದನ್ನು ತಡೆಯಲಾಗದಿದ್ದರೆ ತಾಲ್ಲೂಕು ಸೀಳದಂತೆಯಾದರೂ ನೋಡಿಕೊಳ್ಳಬಹುದು. ನದಿ ತಿರುಗಿಸುವ ಯಾವುದೇ ಯೋಜನೆಗೆ ಜಲಾನಯನದ ಗ್ರಾಮಸಭೆಗಳ ಒಪ್ಪಿಗೆ ಕಡ್ಡಾಯವಾಗಬೇಕೆಂಬ ಬೇಡಿಕೆ ಇದಕ್ಕಿಂತ ದೊಡ್ಡದು. ಅದನ್ನು ತಲೆಯೆಣಿಕೆಗೆ ಸಿಕ್ಕದ ಹಕ್ಕಾಗಿ ಕೇಳಬೇಕು.

ಮುಂದಿನ ಜನಗಣತಿಗೆ ನಿಗದಿಯಾದ ದಿನ 2027ರ ಮಾರ್ಚ್ 1. ಅಂದು ಅಡಿಕೆ ಕೊಯ್ಲು ಮುಗಿದಿರುತ್ತದೆ, ಮಕ್ಕಳು ಬೆಂಗಳೂರಿನ ಬಾಡಿಗೆ ಕೋಣೆಗಳಲ್ಲಿರುತ್ತಾರೆ. ಎಣಿಕೆಗೆ ಬರುವವರು ಎಷ್ಟೋ ಮಲೆನಾಡ ಮನೆಗಳ ಚಾವಡಿಯಲ್ಲಿ ಇಬ್ಬರು ಮುದುಕರನ್ನು ಬರೆದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ.