ಸಣ್ಣ ವಿಮಾನದ ದೊಡ್ಡ ಉಪಕಾರ

ಶಾಂತೇಶ್ವರ ದೇಗುಲದ ತಿಳವಳ್ಳಿಯವರಿಗೆ ವಿಮಾನವೆಂದರೆ ಬಹುಕಾಲ ತಲೆಯೆತ್ತಿ ನೋಡುವ ವಸ್ತುವಷ್ಟೇ ಆಗಿದ್ದಿತು. ರೋಗಿಯನ್ನು ಬೆಂಗಳೂರಿಗೆ ಒಯ್ಯಬೇಕಾದರೂ ಇರುಳಿಡೀ ಪಯಣವೇ ಗತಿ.

೨೦೦೩ರ ಆಗಸ್ಟಿನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಏರ್ ಡೆಕ್ಕನ್ ತನ್ನ ಸಂಚಾರವನ್ನು ಆರಂಭಿಸಿದಾಗ ಮೊದಲು ಆರಿಸಿಕೊಂಡ ಊರುಗಳಲ್ಲಿ ನಮ್ಮ ಹುಬ್ಬಳ್ಳಿಯೂ ಒಂದು. ಸೈನಿಕರಾಗಿದ್ದು ಬೇಸಾಯಕ್ಕಿಳಿದಿದ್ದ ಅವರು ಎಟಿಆರ್ ಎಂಬ ಪಂಖದ ವಿಮಾನಗಳನ್ನು ತಂದರು. ಅವಕ್ಕೆ ಕಿರಿದಾದ ಓಡುದಾರಿ ಸಾಕು, ಇಂಧನವೂ ಮಿತ. ಐವತ್ತು ಜನ ಸಹ ಬೇಕಿಲ್ಲ. ದೊಡ್ಡವರಿಗೆ ನಷ್ಟವೆನಿಸಿದ ಊರು ಸಣ್ಣವರಿಗೆ ನೆಲೆಯಾಯಿತು. ಆದರೆ ಆ ಸಂಸ್ಥೆ ೨೦೦೮ರಲ್ಲಿ ಕಿಂಗ್‌ಫಿಷರಿನಲ್ಲಿ ವಿಲೀನವಾಯಿತು. ೨೦೧೨ರಲ್ಲಿ ಅದೂ ನಿಂತಿತು.

ಈ ಪಾಠದಿಂದಲೋ ಎಂಬಂತೆ ೨೦೧೬ರಲ್ಲಿ ಕೇಂದ್ರ ಸರಕಾರ ಉಡಾನ್ ಯೋಜನೆಯನ್ನು ರೂಪಿಸಿತು. ಸುಮಾರು ಒಂದು ತಾಸಿನ ಹಾರಾಟದಲ್ಲಿ ಗೊತ್ತಾದಷ್ಟು ಆಸನಗಳಿಗೆ ಆರಂಭದಲ್ಲಿ ೨,೫೦೦ ರೂಪಾಯಿಯ ಮಿತಿ. ಸಂಸ್ಥೆಯ ಕೊರತೆಗೆ ಮೂರು ವರ್ಷ ನೆರವು. ೨೦೧೯ರ ಜನವರಿಯಲ್ಲಿ ಸ್ಟಾರ್ ಏರ್ ಐವತ್ತು ಆಸನಗಳ ವಿಮಾನದೊಡನೆ ಹುಬ್ಬಳ್ಳಿಗೆ ಬಂದಿತು. ಅದೇ ನವೆಂಬರ ೨೨ರಂದು ಕಲಬುರಗಿಯ ಹೊಸ ನಿಲ್ದಾಣಕ್ಕೂ ಇಳಿಯಿತು.

ಮೂರು ವರ್ಷದ ನೆರವು ನಡೆ ಕಲಿಯುವ ಕೂಸಿಗೆ ಬೆರಳು ಹಿಡಿದಂತೆ. ಬೆರಳು ಬಿಟ್ಟ ಮೇಲೆ ಆಸನಗಳು ತುಂಬಿದರಷ್ಟೇ ಸಂಚಾರ ಉಳಿದೀತು. ಆಸನ ತುಂಬಬೇಕಾದರೆ ಹಾನಗಲ್ಲು ಸೀಮೆಯವರೂ ಹುಬ್ಬಳ್ಳಿಗೆ ಸಕಾಲದಲ್ಲಿ ತಲುಪುವಂತಿರಬೇಕು. ವಿಮಾನದ ವೇಳೆಗೆ ಹಳ್ಳಿಯ ಬಸ್ಸು ಹೊಂದದಿದ್ದರೆ ಆಕಾಶದಲ್ಲಿ ಉಳಿಸಿದ ತಾಸನ್ನು ನೆಲದಲ್ಲಿ ಕಳೆದುಕೊಂಡಂತೆ. ಊರ ಹಿರಿಯರು ಕೇಳಬೇಕಾದುದು ಮೊದಲು ಆ ಬಸ್ಸನ್ನು.