ಅನ್ನ ಊರೊಳಗೆ, ಬಸುರಿ ಕೇರಿಯೊಳಗೆ

"ಊಟ ಕೊಡ್ತಾನೇ ಇದೀವಲ್ಲ, ನಿಮ್ಮ ಹೆಂಗಸರೇ ಬರಲ್ಲ." ಮಾತೃಪೂರ್ಣ ಊಟಕ್ಕೆ ನಮ್ಮ ಕೇರಿಯ ಬಸುರಿ, ಬಾಣಂತಿಯರ ಹಾಜರಿ ಯಾಕೆ ಕಮ್ಮಿ ಅಂತ ಕೇಳಿದ್ದಕ್ಕೆ ಅಧಿಕಾರಿಯೊಬ್ಬರು ಕೊಟ್ಟ ಉತ್ತರ ಇದು.

ಬರಲ್ಲ ಅಲ್ಲ ಸ್ವಾಮಿ, ಬರೋಕಾಗದ ಹಾಗೆ ಮಾಡಿದ್ದೀರಿ.

ಯೋಜನೆ ಕೆಟ್ಟದ್ದು ಅಂತ ನಾನು ಹೇಳಲ್ಲ. 2017ರ ಅಕ್ಟೋಬರ್ 2ರಿಂದ ರಾಜ್ಯದಾದ್ಯಂತ ಜಾರಿಯಾಯ್ತು. ತಿಂಗಳಿಗೆ 25 ದಿನ ಬಿಸಿಯೂಟ, ಮೊಟ್ಟೆ, ಹಾಲು, ಚಿಕ್ಕಿ. ಮನೆಮಂದಿಯೆಲ್ಲ ಉಂಡ ಮೇಲೆ ತಳದಲ್ಲಿ ಉಳಿದಿದ್ದನ್ನ ಉಣ್ಣೋ ಹೆಣ್ಣಿಗೆ ಅದೊಂದು ತಟ್ಟೆಯಾದರೂ ಪೂರ್ತಿ ಅವಳದ್ದೇ ಆಗಲಿ ಅಂತಲೇ ಅಂಗನವಾಡೀಲಿ ಕೂತು ಉಣ್ಣೋ ನಿಯಮ ಮಾಡಿದ್ದು. ಸರಿ.

ಆದರೆ ಅಂಗನವಾಡಿ ಇರೋದು ಎಲ್ಲಿ? ನಮ್ಮೂರಲ್ಲಿ ಗುಡಿ ಪಕ್ಕ. ಏಳು ತಿಂಗಳ ಬಸುರಿ ಮಟಮಟ ಮಧ್ಯಾಹ್ನ ಊರೊಳಗೆ ನಡೆದು ಹೋಗಿ, "ಆ ಕಡೆ ಕೂತ್ಕೋ" ಅನ್ನಿಸ್ಕೊಂಡು ಉಣ್ಣಬೇಕು. ಒಂದೂಟಕ್ಕೆ ಅರ್ಧ ದಿನದ ಕೂಲಿ ಬಿಡಬೇಕು. ಹೋಗದಿದ್ದರೆ ರಿಜಿಸ್ಟರಲ್ಲಿ ಗೈರು. ದಿನಾ ರಿಜಿಸ್ಟರ್ ಬರೆಯೋ ಗುಮಾಸ್ತ ನಾನು. ಗೈರು ಅಂತ ಬರೆಯೋಕೆ ಕಾಲಂ ಇರುತ್ತೆ, ಯಾಕೆ ಅಂತ ಬರೆಯೋಕೆ ಇರಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ರಾಜ್ಯದ ಬಸುರಿಯರಲ್ಲಿ ಶೇ. 45.7 ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೊಟ್ಟೆಯೊಳಗಿನ ಕೂಸಿಗೂ ಈ ದೂರ ತಟ್ಟುತ್ತೆ.

ನಾವು ಭಿಕ್ಷೆ ಕೇಳ್ತಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಈ ಊಟವನ್ನ ಹಕ್ಕು ಮಾಡಿದೆ. ಅಂಗನವಾಡಿ ತೆರೆಯುವಾಗ ಪರಿಶಿಷ್ಟರ ಕೇರಿಗಳಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಅದಕ್ಕೂ ಎಷ್ಟೋ ಮೊದಲು, 1928ರಲ್ಲಿ, ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಭತ್ಯೆ ಮಸೂದೆ ಪರವಾಗಿ ಎದ್ದು ಮಾತಾಡಿದವರು ಬಾಬಾಸಾಹೇಬರು. ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಅದರ ಖರ್ಚಲ್ಲಿ ಸರ್ಕಾರವೂ ಪಾಲು ಹೊರಬೇಕು ಅನ್ನೋದು ಅವರ ವಾದ.

ಹಾಗಾಗಿ ಕೇರಿಗೊಂದು ಅಂಗನವಾಡಿ ಬೇಕು. ಎಲ್ಲರಿಗೂ ಒಂದೇ ಪಂಕ್ತಿ ಬೇಕು. ತಪ್ಪಿದ ಕೂಲಿಗೆ ಪರಿಹಾರ ಬೇಕು.

ಗೆಳೆಯರೇ, ಟೀಚರಮ್ಮನ ಮೇಲೆ ಕೂಗಾಡಬೇಡಿ, ಅವರೂ ಪುಡಿಗಾಸಿನ ಗೌರವಧನಕ್ಕೆ ದುಡಿಯೋರು. ಕೇಳಬೇಕಾದ್ದು ಸರ್ಕಾರವನ್ನ. ಮುಂದಿನ ಗ್ರಾಮಸಭೇಲಿ ಎದ್ದು ನಿಂತು ಕೇಳಿ. ಅದಕ್ಕೂ ಮೊದಲು, ನಿಮ್ಮೂರ ಅಂಗನವಾಡಿ ಕೇರಿಯಿಂದ ಎಷ್ಟು ದೂರ ಅಂತ ನಡೆದು ನೋಡಿ ಇಲ್ಲಿ ಬರೀರಿ.

ಜೈ ಭೀಮ್.