ಒಪ್ಪಿ ಅಗಲುವವರಿಗೆ ವಕಾಲತ್ತಿನ ಹೊರೆಯೇಕೆ?

ದಂಪತಿಗಳಿಬ್ಬರೂ ತಮ್ಮ ಸಂಸಾರ ಮುಂದುವರಿಯಲಾರದೆಂದು ಮನಗಂಡು, ಹಿರಿಯರ ಸಮಕ್ಷಮದಲ್ಲಿ ಒಡವೆ ವಸ್ತ್ರಗಳ ಲೆಕ್ಕವನ್ನು ತೀರಿಸಿಕೊಂಡು, ಮಕ್ಕಳ ಪೋಷಣೆಯ ವಿಷಯದಲ್ಲಿಯೂ ಒಂದು ನಿಷ್ಕರ್ಷೆಗೆ ಬಂದು, ಒಬ್ಬರ ಮೇಲೊಬ್ಬರು ಯಾವ ದೋಷವನ್ನೂ ಹೊರಿಸದೆ ಅಗಲಲು ಸಿದ್ಧರಾಗಿರುವಾಗ, ಅವರು ತಮ್ಮ ಅರ್ಜಿಯನ್ನು ತಾವೇ ನ್ಯಾಯಾಲಯಕ್ಕೆ ಸಲ್ಲಿಸಬಾರದೇಕೆ? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಈ ಪ್ರಶ್ನೆಯನ್ನು ಯಾರ ಮುಂದಿಟ್ಟರೂ "ಲಾಯರಿಲ್ಲದೆ ಡೈವೋರ್ಸ್ ಆಗುತ್ತದೆಯೇ?" ಎಂಬ ಮರುಪ್ರಶ್ನೆಯೇ ಉತ್ತರವಾಗಿ ಬರುವುದು. ಕಾನೂನಿನ ಪ್ರಕಾರ ಆಗುತ್ತದೆ. ವ್ಯವಹಾರದಲ್ಲಿಯೂ ಆಗುವಂತೆ ಮಾಡುವುದು ಸರ್ಕಾರದ ಮತ್ತು ನ್ಯಾಯಾಂಗದ ಕರ್ತವ್ಯವೆಂಬುದು ನನ್ನ ದೃಢವಾದ ಅಭಿಪ್ರಾಯ.

1955ರ ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ಸೇರಿದ 13-ಬಿ ಪ್ರಕರಣವು ಕೇಳುವುದು ಇಷ್ಟನ್ನೇ: ಇಬ್ಬರೂ ಒಂದು ವರ್ಷಕ್ಕೆ ಕಡಮೆಯಿಲ್ಲದೆ ಬೇರೆಯಾಗಿ ಬಾಳಿರಬೇಕು, ಕೂಡಿ ಬಾಳಲು ಅಶಕ್ತರಾಗಿರಬೇಕು, ವಿವಾಹ ವಿಸರ್ಜನೆಗೆ ಪರಸ್ಪರ ಸಮ್ಮತಿಸಿರಬೇಕು. ಜಂಟಿ ಅರ್ಜಿ ಕೊಟ್ಟ ಆರು ತಿಂಗಳ ಮೇಲೆ, ಹದಿನೆಂಟು ತಿಂಗಳೊಳಗೆ, ಮತ್ತೆ ಹಾಜರಾಗಿ ಅದೇ ಮಾತನ್ನು ಹೇಳಿದರೆ ನ್ಯಾಯಾಧೀಶರು ವಿಚಾರಿಸಿ ಡಿಕ್ರಿ ಮಾಡುವರು. ಆ ಆರು ತಿಂಗಳ ಅವಧಿಯನ್ನೂ ತಕ್ಕ ಸಂದರ್ಭದಲ್ಲಿ ಮನ್ನಾ ಮಾಡಬಹುದೆಂದು 2017ರಲ್ಲಿ ಅಮರ್‌ದೀಪ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿದೆ. ಇದರಲ್ಲೆಲ್ಲಿಯೂ ವಕೀಲರು ಇರಲೇಬೇಕೆಂಬ ಮಾತಿಲ್ಲ. 1984ರ ಕುಟುಂಬ ನ್ಯಾಯಾಲಯಗಳ ಕಾಯಿದೆಯ 13ನೆಯ ಪ್ರಕರಣವಂತೂ ಇನ್ನೂ ಮುಂದೆ ಹೋಗಿ, ಅಂಥ ನ್ಯಾಯಾಲಯದಲ್ಲಿ ವಕೀಲರ ಮೂಲಕ ಹಾಜರಾಗುವುದು ಯಾವ ಕಕ್ಷಿಗೂ ಹಕ್ಕಲ್ಲವೆಂದೂ, ಅಗತ್ಯ ಕಂಡಲ್ಲಿ ನ್ಯಾಯಾಲಯವೇ ಕಾನೂನು ತಜ್ಞರ ನೆರವನ್ನು ಪಡೆಯಬಹುದೆಂದೂ ಹೇಳುತ್ತದೆ. ನಲವತ್ತು ವರ್ಷ ಕಳೆದರೂ ಈ ನಿಯಮ ಬಹುಮಟ್ಟಿಗೆ ಪುಸ್ತಕದಲ್ಲಿಯೇ ಉಳಿದಿರುವುದು ವಿಷಾದಕರ.

ಇದರ ಕೇಡನ್ನು ಉಣ್ಣುವವರು ಬಡವರು. ತೆಂಗಿನಕಾಯಿಯನ್ನು ವರ್ಷದ ಹತ್ತಿರ ಅಟ್ಟದ ಮೇಲಿಟ್ಟು ಒಣಗಿಸಿ, ಉಂಡೆ ಕೊಬ್ಬರಿಯಾದ ಮೇಲೆ ತಿಪಟೂರಿನ ಮಾರುಕಟ್ಟೆಗೆ ತಂದು ಮಾರಿದ ದಿನವಲ್ಲದೆ ಇಡಿಗಂಟಿನ ಹಣ ಕಾಣದ ಸಣ್ಣ ಹಿಡುವಳಿದಾರನೂ, ಕಾಯಿ ಸುಲಿದು ಅಂದಿನ ಕೂಲಿ ಪಡೆಯುವವನೂ ವಕೀಲರ ಫೀಜಿಗೆ ಅಂಜಿ ಹಿಡಿಯುವ ದಾರಿ ಛಾಪಾ ಕಾಗದದ್ದು. "ಇಂದಿನಿಂದ ನಮ್ಮಿಬ್ಬರಿಗೂ ಯಾವ ಸಂಬಂಧವೂ ಇರುವುದಿಲ್ಲ" ಎಂದು ಬರೆಸಿ, ಎರಡೂ ಕಡೆಯ ಸಾಕ್ಷಿಗಳ ರುಜು ಹಾಕಿಸಿ, ನೋಟರಿಯ ಮೊಹರು ಒತ್ತಿಸಿ, ಒಂದೊಂದು ಪ್ರತಿಯನ್ನು ಮನೆಗೊಯ್ದರೆ ಬಿಡುಗಡೆಯಾಯಿತೆಂದೇ ಉಭಯರೂ ನಂಬುವರು. ಕುಲಾಚಾರದಲ್ಲಿ ಅಂಥ ವಿಚ್ಛೇದನ ರೂಢಿಯಲ್ಲಿತ್ತೆಂದು ಸಾಧಿಸಿದ ಹೊರತು ಆ ಕಾಗದಕ್ಕೆ ಬೆಲೆಯಿಲ್ಲ. ಮೊದಲ ಮದುವೆ ಮುರಿಯದು, ಎರಡನೆಯದು ಊರ್ಜಿತವಾಗದು. ಇದು ತಿಳಿಯುವುದು ಎಷ್ಟೋ ವೇಳೆ ಗಂಡ ಸತ್ತ ಮೇಲೆ, ತೋಟದ ಪೌತಿ ಖಾತೆಗೆಂದು ನಾಡಕಚೇರಿಗೆ ಹೋದಾಗ. ಕಾಗದದಲ್ಲಿ ಎಂದೋ ಬಿಟ್ಟುಹೋದವಳೇ ಕಾನೂನಿನ ದೃಷ್ಟಿಯಲ್ಲಿ ವಿಧವೆ. ಅವನೊಡನೆ ಬಾಳಿ, ಆ ತೆಂಗಿನ ಸಸಿಗಳಿಗೆ ನೀರು ಹೊತ್ತವಳು ಯಾರೂ ಅಲ್ಲ. ಅವಳ ಮಕ್ಕಳಿಗೆ ತಂದೆಯ ಸ್ವತ್ತಿನಲ್ಲಿ ಹಕ್ಕುಂಟು, ಅವಳಿಗಿಲ್ಲ. ಇದಕ್ಕಿಂತ ಕ್ರೂರವಾದ ಅನ್ಯಾಯವನ್ನು ನಾನು ಊಹಿಸಲಾರೆ.

ಪ್ರತಿಪಕ್ಷದವರ ಆಕ್ಷೇಪಣೆಯಲ್ಲಿ ಉಪೇಕ್ಷಿಸಲಾಗದ ಅಂಶವೊಂದುಂಟು. ಓದು ಬಾರದ ಹೆಣ್ಣುಮಗಳು ಗಂಡನ ಕಡೆಯವರ ಒತ್ತಾಯಕ್ಕೋ ತವರಿನವರ ಬೇಸರಕ್ಕೋ ಮಣಿದು, ಜೀವನಾಂಶವನ್ನು ಬಿಟ್ಟುಕೊಟ್ಟು ಹೆಬ್ಬೆಟ್ಟು ಒತ್ತಿದರೆ ಗತಿಯೇನು ಎಂಬ ಭಯ ನಿರಾಧಾರವಾದುದಲ್ಲ. ಆದರೆ ಜಂಟಿ ಅರ್ಜಿಗೆ ಇಬ್ಬರ ಪರವಾಗಿಯೂ ಒಬ್ಬರೇ ವಕೀಲರು ನಿಲ್ಲುವುದು ಇಂದಿಗೂ ಸಾಮಾನ್ಯವಾಗಿರುವಾಗ, ಆ ವಕೀಲರನ್ನು ಗೊತ್ತುಮಾಡಿ ಹಣ ಕೊಟ್ಟವರು ಯಾರೆಂದು ಕೇಳಬೇಡವೇ? ಅವಳ ನಿಜವಾದ ರಕ್ಷಣೆ ಇರುವುದು ಬೇರೆಡೆಯಲ್ಲಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ, ವರಮಾನವೆಷ್ಟೇ ಇರಲಿ, ಪ್ರತಿಯೊಬ್ಬ ಸ್ತ್ರೀಗೂ ಉಚಿತ ನೆರವಿನ ಹಕ್ಕುಂಟು. ಡಿಕ್ರಿಯಾಗುವವರೆಗೆ ಸಮ್ಮತಿಯನ್ನು ಹಿಂದೆಗೆದುಕೊಳ್ಳಬಹುದೆಂದು 1991ರಲ್ಲಿ ಸುರೇಷ್ಟಾ ದೇವಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ನ್ಯಾಯಾಧೀಶರು ಅವಳನ್ನು ಒಬ್ಬಳನ್ನೇ ಕರೆದು, "ಏನಮ್ಮ, ಇದರಲ್ಲಿ ಬರೆದಿರುವುದು ನಿನಗೆ ಗೊತ್ತೇ? ಯಾರಾದರೂ ಹೆದರಿಸಿದ್ದಾರೆಯೇ?" ಎಂದು ಅವಳ ಮಾತಿನಲ್ಲಿಯೇ ವಿಚಾರಿಸುವುದು ಯಾವ ವಕಾಲತ್ತಿಗಿಂತಲೂ ದೊಡ್ಡ ಕಾವಲು. ಆಸ್ತಿಯ ಜಗಳವೋ ಹಿಂಸೆಯ ದೂರೋ ಇದ್ದಲ್ಲಿ ವಕೀಲರು ಬೇಕೇ ಬೇಕು; ನನ್ನ ವಾದ ಜಗಳವಿಲ್ಲದವರ ಪರವಾದುದು.

ಇಂಗ್ಲೆಂಡಿನಲ್ಲಿ 2022ರ ಏಪ್ರಿಲ್ 6ರಿಂದ ದೋಷಾರೋಪಣೆಯಿಲ್ಲದೆ ಗಂಡಹೆಂಡಿರು ಜಂಟಿಯಾಗಿಯೇ, ಮನೆಯಲ್ಲಿ ಕುಳಿತು, ಅರ್ಜಿ ತುಂಬಿ ಕಳುಹಿಸಬಹುದಾಗಿದೆ. ನಮಗೆ ಸದ್ಯಕ್ಕೆ ಬೇಕಾದುದು ಕನ್ನಡದಲ್ಲಿ ಅಚ್ಚಾದ ಒಂದು ನಮೂನೆ: ಮದುವೆಯಾದ ದಿನ ಮತ್ತು ಸ್ಥಳ, ಬೇರೆಯಾದ ದಿನ, ಮಕ್ಕಳು, ಒಡವೆ, ಜೀವನಾಂಶ, ಇವುಗಳಿಗೆ ಒಂದೊಂದು ಕಲಮು, ಜೊತೆಗೆ ಲಗ್ನಪತ್ರಿಕೆ, ಭಾವಚಿತ್ರ, ಗುರುತಿನ ಚೀಟಿ. ಇದನ್ನು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತವಾಗಿ ಹಂಚಿ, ಬರೆಯಲಾರದವರಿಗೆ ಅಲ್ಲಿನ ಸ್ವಯಂಸೇವಕರು ಬರೆದುಕೊಡುವಂತಾಗಬೇಕು. ಕಕ್ಷಿಗಾರರು ಸ್ವತಃ ತಂದ ಅರ್ಜಿಯನ್ನು ವಕಾಲತ್ತಿಲ್ಲವೆಂಬ ಕಾರಣದಿಂದ ಯಾವ ಶಿರಸ್ತೇದಾರರೂ ಹಿಂದಿರುಗಿಸತಕ್ಕದ್ದಲ್ಲವೆಂದು ಉಚ್ಚ ನ್ಯಾಯಾಲಯ ಸ್ಪಷ್ಟವಾದ ಸುತ್ತೋಲೆಯನ್ನು ಹೊರಡಿಸಬೇಕು.